ಐಸ್‌ಕ್ರೀಮಿನಲ್ಲಿ ನಮ್ಮ ಕಾಫಿ ಎಷ್ಟು? – ರುಚಿ ನೋಡುವ ಒಂದು ಪಾಠ



ಗಿಡಕ್ಕೆ ಗೊಬ್ಬರ ಎಷ್ಟು, ಬೋರ್ಡೊ ದ್ರಾವಣ ಯಾವಾಗ, ನೆರಳು ಎಷ್ಟು ತೆಗೆಯಬೇಕು ಎಂಬುದನ್ನು ನಾವೆಲ್ಲ ಚೆನ್ನಾಗಿ ಬಲ್ಲೆವು. ಆದರೆ “ನಿಮ್ಮ ತೋಟದ ಕಾಫಿಯ ರುಚಿ ಹೇಗಿದೆ?” ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ಉತ್ತರ ಹೊಳೆಯುವುದಿಲ್ಲ. ಚೆರ್ರಿಯನ್ನು ಮೂಟೆ ಕಟ್ಟಿ, ಔಟ್‌ಟರ್ನ್ ನೋಡಿ ಮಾರಿದರೆ ನಮ್ಮ ಕೆಲಸ ಮುಗಿಯಿತು. ರುಚಿಯ ಮಾತೆಲ್ಲ ಕೊಳ್ಳುವವರದು. ಹೀಗಿರುವಾಗ ಬೆಲೆಯ ಮಾತೂ ಅವರದೇ ಆಗುವುದರಲ್ಲಿ ಆಶ್ಚರ್ಯವೇನು?

ಈ ಪಾಠಕ್ಕೆ ನೆಪವಾದದ್ದು ಒಂದು ಐಸ್‌ಕ್ರೀಮ್ ಡಬ್ಬಿ. ಸಂಘದ ಸಭೆ ಮುಗಿದ ಮೇಲೆ ಪೇಟೆಯ ಅಂಗಡಿಯಿಂದ “ತಿರಾಮಿಸು” ಎಂಬ ಹೆಸರಿನ ಡಬ್ಬಿಯೊಂದನ್ನು ತರಿಸಿದೆವು.

ತಿರಾಮಿಸು ಎಂದರೇನು?

ಇದು ಇಟಲಿ ದೇಶದ ಕೇಕಿನಂಥ ಒಂದು ಸಿಹಿ. ಅಲ್ಲಿನ ಭಾಷೆಯಲ್ಲಿ ಈ ಹೆಸರಿಗೆ “ನನ್ನನ್ನು ಮೇಲಕ್ಕೆತ್ತು” ಎಂದರ್ಥ. ಹುರುಪು ಕೊಡು ಎಂಬ ಭಾವ. ವೆನೆತೊ ಪ್ರಾಂತದ ತ್ರೆವೀಸೊ ಪಟ್ಟಣದ “ಲೆ ಬೆಕೆರಿಯೆ” ಎಂಬ ಹೋಟೆಲಿನಲ್ಲಿ 1970ರ ದಶಕದ ಆರಂಭದಲ್ಲಿ ಇದು ಪ್ರಸಿದ್ಧಿಗೆ ಬಂದಿತು. ನೆರೆಯ ಫ್ರಿಉಲಿ ಪ್ರಾಂತದವರು ಅದು ತಮ್ಮದೆಂದು ಇಂದಿಗೂ ವಾದಿಸುತ್ತಾರೆ. ಹಗುರವಾದ ಉದ್ದ ಬಿಸ್ಕತ್ತುಗಳನ್ನು ಗಟ್ಟಿ ಡಿಕಾಕ್ಷನ್‌ನಲ್ಲಿ ಅದ್ದಿ ಹಾಸುತ್ತಾರೆ. ಅದರ ಮೇಲೆ ಮಸ್ಕರ್ಪೋನೆ ಎಂಬ ಕೆನೆಗಿಣ್ಣು, ಮೊಟ್ಟೆಯ ಹಳದಿ ಮತ್ತು ಸಕ್ಕರೆ ಕಡೆದ ಪದರ. ಎಲ್ಲಕ್ಕೂ ಮೇಲೆ ಕೋಕೋ ಪುಡಿ.

ಇದರಲ್ಲಿ ನಮಗೆ ಸಂಬಂಧಪಟ್ಟ ವಸ್ತುಗಳು ಎರಡು. ಒಂದು ಕಾಫಿ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂದಿದೆ. ಅಲ್ಲಿನ ಎಸ್ಪ್ರೆಸೊ ಕಾಫಿಯ ಮೈಕಟ್ಟಿಗೂ ಮೇಲಿನ ನೊರೆಗೂ ರೋಬಸ್ಟಾ ಬೇಕಾಗುತ್ತದೆ. ಇನ್ನೊಂದು ಕೋಕೋ. ಅಡಿಕೆಯ ನೆರಳಿನಲ್ಲಿ ಬೆಳೆದ ಕೋಕೋವನ್ನು ನಂಬಿಯೇ 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು.

ಮೊದಲು ಡಬ್ಬಿಯನ್ನು ಓದಿರಿ

1. “ಐಸ್‌ಕ್ರೀಮ್” ಮತ್ತು “ಫ್ರೋಜನ್ ಡೆಸರ್ಟ್” ಒಂದೇ ಅಲ್ಲ. ನಮ್ಮ ದೇಶದ ನಿಯಮದಂತೆ ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಶೇಕಡ 10ಕ್ಕಿಂತ ಕಡಿಮೆ ಇರಕೂಡದು. (ಕಡಿಮೆ ಕೊಬ್ಬಿನ ಬಗೆಗಳಿಗೆ ಹಾಗೆಂದು ಬರೆದಿರಬೇಕು.) ಫ್ರೋಜನ್ ಡೆಸರ್ಟಿನಲ್ಲಿ ಸಸ್ಯದ ಎಣ್ಣೆ ಸೇರಿರಬಹುದು.

2. ಸಾಮಗ್ರಿಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ. ನಾವು ತಂದ ಡಬ್ಬಿಯಲ್ಲಿ ಸಕ್ಕರೆ ಮುಂದಿತ್ತು. ಇನ್‌ಸ್ಟಂಟ್ ಕಾಫಿ ಪುಡಿಯನ್ನು ಪಟ್ಟಿಯ ಬಾಲದಲ್ಲಿ ಹುಡುಕಬೇಕಾಯಿತು. ಕೆಳಗೆ “ಸೇರಿಸಿದ ಪರಿಮಳ” ಎಂಬ ಸಾಲೂ ಇತ್ತು.

3. ಐಸ್‌ಕ್ರೀಮಿಗೆ ಗಾಳಿ ಸೇರಿಸಿ ಉಬ್ಬಿಸುತ್ತಾರೆ. ಆದುದರಿಂದ ಲೀಟರು ಮಾತ್ರವಲ್ಲ, ತೂಕವನ್ನೂ ನೋಡಿರಿ. ನಿಯಮದಂತೆ 1 ಲೀಟರ್ ಐಸ್‌ಕ್ರೀಮ್ 525 ಗ್ರಾಂಗಿಂತ ಕಡಿಮೆ ತೂಗಬಾರದು.

4. ಮೊಟ್ಟೆ ತಿನ್ನದವರು ಹಸಿರು ಗುರುತನ್ನು ನೋಡಿಕೊಳ್ಳಬಹುದು.

ರುಚಿ ನೋಡುವ ಕ್ರಮ

ಫ್ರೀಜರಿನಿಂದ ತೆಗೆದ ಕೂಡಲೇ ತಿಂದರೆ ನಾಲಿಗೆಗೆ ಏನೂ ತಿಳಿಯುವುದಿಲ್ಲ. ತಣ್ಣಗಿದ್ದಷ್ಟೂ ಸಿಹಿ ಕಡಿಮೆ ಎನಿಸುತ್ತದೆ. ಅದಕ್ಕಾಗಿಯೇ ಐಸ್‌ಕ್ರೀಮಿಗೆ ಸಕ್ಕರೆ ಹೆಚ್ಚು ಬೇಕಾಗುವುದು. ಪರಿಮಳವೂ ತಣ್ಣಗಿನಿಂದ ಮೇಲೇಳುವುದಿಲ್ಲ. ಕೊಬ್ಬು ನಾಲಿಗೆಗೆ ಸವರಿಕೊಂಡು ಕಹಿಯನ್ನು ಮರೆಮಾಡುತ್ತದೆ.

ಆದುದರಿಂದ ನಾವು ಮೂರು ಸಲ ನೋಡಿದೆವು. ಮೊದಲ ಚಮಚದಲ್ಲಿ ಬರಿಯ ತಣ್ಣಗೆ, ಹಿಂದೆಯೇ ಸಿಹಿ. ಐದು ನಿಮಿಷ ಬಿಟ್ಟು ತಿಂದಾಗ ಕೆನೆ, ಆಮೇಲೆ ಕೋಕೋ. ಪೂರ್ತಿ ಕರಗಿದ ಮೇಲೆ ಲೋಟಕ್ಕೆ ಹಾಕಿ ಮೂಸಿದಾಗ ಕಾಫಿಯ ವಾಸನೆ ಘಮ್ಮೆಂದಿತು. ಆದರೆ ಕುಡಿದಾಗ ಗಂಟಲಿನಲ್ಲಿ ಉಳಿಯಬೇಕಾದ ಆ ಕಹಿಯೇ ಇಲ್ಲ! ವಾಸನೆ ಬಲವಾಗಿದ್ದು ಕಹಿ ಇಲ್ಲದಿದ್ದರೆ, ಅಲ್ಲಿ ಬೀಜಕ್ಕಿಂತ ಬೆರೆಸಿದ ಪರಿಮಳದ ಕೆಲಸವೇ ಹೆಚ್ಚೆಂದು ಶಂಕಿಸಬಹುದು. ತಿಂಡಿ ಚೆನ್ನಾಗಿಯೇ ಇತ್ತು, ಡಬ್ಬಿ ಬರಿದಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಪಟ್ಟಿಯ ಬಾಲದಲ್ಲಿದೆ ಎಂದು ಕಾಫಿಯನ್ನು ಹಗುರವಾಗಿ ಎಣಿಸಬೇಕಾಗಿಲ್ಲ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಲೆಕ್ಕದಲ್ಲಿ 1 ಕಿಲೊ ಇನ್‌ಸ್ಟಂಟ್ ಪುಡಿ ಎಂದರೆ 2.6 ಕಿಲೊ ಹುರಿಯದ ಬೀಜ. ಆದರೆ ಸಕ್ಕರೆ, ಕೊಬ್ಬು, ಪರಿಮಳಗಳ ನಡುವೆ ಕಾಫಿಯ ಗುಣವೂ ಅಡಗುತ್ತದೆ, ದೋಷವೂ ಅಡಗುತ್ತದೆ. ಇಂಥ ಕಡೆ ಒಳ್ಳೆಯ ಬೀಜಕ್ಕೆ ಹೆಚ್ಚಿನ ಬೆಲೆ ಕೊಡುವವರು ಯಾರು? ಗುಣಕ್ಕೆ ಬೆಲೆ ಸಿಗುವುದು ಬರಿಯ ಕಾಫಿಯ ಬಟ್ಟಲಿನಲ್ಲಿ ಮಾತ್ರ.

ನಮ್ಮ ಬಟ್ಟಲಿನಲ್ಲಿ ಕಂಡದ್ದು

ಅದೇ ದಿನ ನಾಲ್ಕು ಮನೆಗಳ ಕಾಫಿಯನ್ನು ಹೆಸರು ಮರೆಮಾಡಿ ಪರೀಕ್ಷಿಸಿದೆವು. ಮೂರರಲ್ಲಿ ದೋಷವಿರಲಿಲ್ಲ. ನಾಲ್ಕನೆಯದರಲ್ಲಿ ಮುಗ್ಗಲು ವಾಸನೆ, ಹಿಂದೆ ಮಣ್ಣಿನ ರುಚಿ. ಎಲ್ಲರೂ ಮುಖ ಸಿಂಡರಿಸಿದರು. ಚೀಟಿ ಬಿಚ್ಚಿದಾಗ ಅದು ನಮ್ಮದೇ ತೋಟದ್ದು. ಕಳೆದ ಕೊಯ್ಲಿನಲ್ಲಿ ಅಕಾಲದ ಮಳೆ ಬಂದಾಗ ಅರೆ ಒಣಗಿದ ಚೆರ್ರಿಯನ್ನು ಎರಡು ದಿನ ರಾಶಿ ಹಾಕಿ ಟಾರ್ಪಾಲು ಮುಚ್ಚಿದ್ದೆವು. ಮತ್ತೆ ಹರಡಿದ್ದೂ ಮಣ್ಣಿನ ಕಣದಲ್ಲಿ. ಇಷ್ಟು ವರ್ಷ ಕೊಳ್ಳುವವರು ಬೆಲೆ ಇಳಿಸಿದಾಗಲೆಲ್ಲ ಅವರನ್ನೇ ದೂರಿದ್ದೆವು. ಕೆಲವು ಸಲವಾದರೂ ತಪ್ಪು ನಮ್ಮ ಕಣದಲ್ಲೇ ಇತ್ತೆಂದು ಈಗ ಒಪ್ಪಬೇಕಾಗಿದೆ.

ಮನೆಯಲ್ಲಿ ಮಾಡುವ ಅಭ್ಯಾಸ

ಹುರಿದು ತರಿತರಿಯಾಗಿ ಪುಡಿ ಮಾಡಿದ ಕಾಫಿ 8 ಗ್ರಾಂನಷ್ಟನ್ನು ಬಟ್ಟಲಿಗೆ ಹಾಕಿ, ಮೊದಲು ಒಣ ಪುಡಿಯನ್ನು ಮೂಸಿರಿ. ನೀರು ಕುದಿದು ಅರೆನಿಮಿಷ ಆರಿದ ಮೇಲೆ 150 ಮಿ.ಲೀ. ಹೊಯ್ಯಿರಿ. ನಾಲ್ಕು ನಿಮಿಷದ ನಂತರ ಮೇಲಿನ ಗಷ್ಟನ್ನು ಚಮಚದಿಂದ ಒಡೆದು ಮತ್ತೆ ಮೂಸಿ, ನೊರೆ ತೆಗೆದುಹಾಕಿರಿ. ಸ್ವಲ್ಪ ಆರಿದ ಮೇಲೆ ಸೊರ್ರೆಂದು ಹೀರಿ ಬಾಯ್ತುಂಬ ಹರಡಿರಿ. ಹಾಲು, ಸಕ್ಕರೆ, ಚಿಕೋರಿ ಬೇಡ. ಬಿಸಿಯಿದ್ದಾಗ ಅಡಗಿದ ದೋಷ ಆರಿದಾಗ ಹೊರಬರುತ್ತದೆ. ಆದ್ದರಿಂದ ಎರಡು ಮೂರು ಸಲ ನೋಡಿರಿ. ಕಂಡದ್ದನ್ನು ಬರೆದಿಡಿರಿ: ಯಾವ ಕೊಯ್ಲು, ಎಷ್ಟು ದಿನ ಒಣಗಿಸಿದ್ದು, ಯಾವ ಕಣ.

ಈ ಸಲದ ಕೊಯ್ಲಿನಲ್ಲಿ ಪ್ರತಿಯೊಬ್ಬ ಸದಸ್ಯರೂ ಮೂಟೆ ಕಟ್ಟುವ ಮೊದಲು ಒಂದು ಸೇರು ಬೀಜ ತೆಗೆದಿಟ್ಟು ಹೀಗೆ ಪರೀಕ್ಷಿಸಬೇಕೆಂದು ಕೋರುತ್ತೇವೆ. ಮುಂದಿನ ಸಭೆಗೆ ಬರುವಾಗ ಪುಡಿಯನ್ನೂ ತನ್ನಿರಿ. ಚೀಟಿಯಲ್ಲಿ ಹೆಸರು ಮರೆಮಾಡಿಯೇ ಇಡುತ್ತೇವೆ, ಸಂಕೋಚ ಬೇಡ. ಮೊದಲು ಸಿಕ್ಕಿಬಿದ್ದವರು ನಾವೇ ಅಲ್ಲವೆ?