ಹಬ್ಬಕ್ಕೆ ಮೊದಲು ಆಟಿಕೆ ಗಂಟು ಬಿಚ್ಚೋಣ

ದಸರಾ ಹತ್ತಿರ ಬಂತು. ನಾವು ಮನೆ ಸಾರಿಸುತ್ತೇವೆ. ಸುಣ್ಣ ಬಳಿಯುತ್ತೇವೆ. ಅಟ್ಟದ ಧೂಳು ಹೊಡೆಯುತ್ತೇವೆ. ಆದರೆ ಮೂಲೆಯಲ್ಲಿರುವ ಮಕ್ಕಳ ಆಟಿಕೆ ಗಂಟು? ಅದನ್ನು ಮಾತ್ರ ಬಿಚ್ಚುವುದಿಲ್ಲ. "ಇರಲಿ ಬಿಡು, ಮಕ್ಕಳ ಸಾಮಾನು" ಅಂತೀವಿ.

ಹೋದ ವರ್ಷ ನಮ್ಮ ಸಂಘದ ಒಬ್ಬ ಅಕ್ಕನ ಮನೆಯಲ್ಲಿ ಕೂತಿದ್ದೆವು. ಅವಳ ಮೊಮ್ಮಗನಿಗೆ ಒಂದೂವರೆ ವರ್ಷ. ಗಂಟಿನ ಹತ್ತಿರ ಆಡುತ್ತಿದ್ದ. ಅವನ ತುಟಿಯಲ್ಲಿ ಏನೋ ಹೊಳೆಯಿತು. ಅಕ್ಕ ಓಡಿಹೋಗಿ ತೆಗೆದಳು. ಅದು ಹಾಡುವ ಗೊಂಬೆಯ ಬಟನ್ ಸೆಲ್. ಗೊಂಬೆಯ ಮುಚ್ಚಳ ಒಡೆದು ಸೆಲ್ ಹೊರಗೆ ಬಿದ್ದಿತ್ತು. ನಮ್ಮ ಎದೆ ಧಸಕ್ ಎಂದಿತು. ಅವತ್ತೇ ಆ ಗಂಟು ಬಿಚ್ಚಿದೆವು. ಆಮೇಲೆ ನಮ್ಮ ನಮ್ಮ ಮನೆಯ ಗಂಟುಗಳನ್ನೂ ಬಿಚ್ಚಿದೆವು.

ಬಟನ್ ಸೆಲ್ ಯಾಕೆ ಅಪಾಯ?

ಅದು ನೋಡೋಕೆ ಚಿಕ್ಕದು. ಆದರೆ ಮಗುವಿನ ಗಂಟಲಿನ ಕೆಳಗೆ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಒಳಗೆ ಸುಟ್ಟ ಗಾಯ ಆಗಬಹುದು. ಹಳೆಯ ಸೆಲ್ ಕೂಡ ಸುಡುತ್ತದೆ. ಮಗು ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ತಡ ಮಾಡಬೇಡಿ. ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ನಾಲ್ಕು ಗುಡ್ಡೆ ಮಾಡೋಣ

ಚಾಪೆ ಹಾಸಿ ಗಂಟು ಸುರಿಯಿರಿ. ಮಕ್ಕಳನ್ನೂ ಕೂರಿಸಿಕೊಳ್ಳಿ.

1. ಇಟ್ಟುಕೊಳ್ಳುವುದು: ಮಗು ದಿನಾ ಆಡುವ, ಗಟ್ಟಿಯಾದ ಆಟಿಕೆ. ತೊಳೆದು ಒಣಗಿಸಿ.

2. ಸರಿ ಮಾಡುವುದು: ಹೊಲಿಗೆ ಬಿಟ್ಟ ಬಟ್ಟೆ ಗೊಂಬೆ, ಗಾಲಿ ಕಳಚಿದ ಬಂಡಿ.

3. ಕೊಡುವುದು: ಮಗು ಬೆಳೆದು ಬಿಟ್ಟ ಆಟಿಕೆ. ಅಂಗನವಾಡಿಗೆ ಬೇಕೇ ಎಂದು ಕೇಳಿ. ಪಕ್ಕದ ಮನೆಗೆ ಕೊಡಿ. ನಮ್ಮ ಮಗುವಿಗೆ ಕೊಡಲಾಗದ ಮುರುಕು ಆಟಿಕೆಯನ್ನು ಬೇರೆ ಮಗುವಿಗೂ ಕೊಡಬಾರದು.

4. ಎಸೆಯುವುದು: ಚೂಪಾಗಿ ಒಡೆದದ್ದು, ಬಣ್ಣ ಚಕ್ಕೆ ಏಳುವುದು. ಒಲೆಗೆ ಮಾತ್ರ ಹಾಕಬೇಡಿ. ಪ್ಲಾಸ್ಟಿಕ್ ಹೊಗೆ ವಿಷ. ಹಳೆಯ ಸೆಲ್‌ಗೆ ಅಂಟುಪಟ್ಟಿ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಮಗುವನ್ನು ಕೇಳಿ

ನಮ್ಮಲ್ಲಿ ಒಬ್ಬಳು ಮಗಳನ್ನು ಕೇಳದೆ ಒಂದು ಹರಿದ ಗೊಂಬೆ ಎಸೆದಳು. ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆ ಗೊಂಬೆಯನ್ನು ಅಜ್ಜಿ ಹಳೆ ಸೀರೆಯಲ್ಲಿ ಹೊಲಿದಿದ್ದಳು. ಅಜ್ಜಿ ಈಗ ಇಲ್ಲ. ನಾವೆಲ್ಲ ತಿಪ್ಪೆ ಹುಡುಕಿದೆವು. ಗೊಂಬೆ ಸಿಗಲಿಲ್ಲ. ನಮಗೆ ಕಸ, ಮಗುವಿಗೆ ಅಜ್ಜಿ. ಅದಕ್ಕೇ ಮೊದಲು ಕೇಳಬೇಕು.

ಹೊಸದು ಕೊಳ್ಳುವಾಗ ಓದಿ

ಈಗ ನಮಗೆ ಓದಲು ಬರುತ್ತದಲ್ಲ! ಪೆಟ್ಟಿಗೆ ಮೇಲೆ ಎಷ್ಟು ವರ್ಷದ ಮಕ್ಕಳಿಗೆ ಎಂದು ನೋಡಿ. ಮೂರು ವರ್ಷದೊಳಗಿನ ಮಗುವಿಗೆ ಬಾಯಲ್ಲಿ ಹಿಡಿಯುವಷ್ಟು ಚಿಕ್ಕ ತುಂಡಿನ ಆಟಿಕೆ ಬೇಡ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯ. ಕುಶಲಕರ್ಮಿಗಳು ಮಾಡುವ ಕೆಲವು ಆಟಿಕೆಗೆ ಮಾತ್ರ ವಿನಾಯಿತಿ ಇದೆ.

ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದ ಹೆಸರು ಕೇಳಿದ್ದೀರಿ. ಅಲ್ಲಿ ಆಲೆ ಮರದ ಆಟಿಕೆ ಮಾಡಿ ಅರಗಿನ ಬಣ್ಣ ಹಚ್ಚುತ್ತಾರೆ. ಅಂಥ ಒಂದು ಗಟ್ಟಿ ಆಟಿಕೆ, ಬೇಗ ಮುರಿಯುವ ಹತ್ತು ಆಟಿಕೆಗಿಂತ ಮೇಲು.

ಹಳೇ ಮೈಸೂರು ಕಡೆ ದಸರೆಗೆ ಗೊಂಬೆ ಕೂರಿಸುತ್ತಾರೆ. ಈ ಸಲ ನಮ್ಮ ಮಕ್ಕಳೂ ತೊಳೆದ ಆಟಿಕೆಗಳನ್ನು ಒಂದು ಮೆಟ್ಟಿಲಲ್ಲಿ ಕೂರಿಸಲಿ. ಮನೆಯೂ ಚೆಂದ, ಮಕ್ಕಳೂ ಕ್ಷೇಮ.

ಓದಿ, ಬರೆಯಿರಿ

ಗಂಟು, ಗುಡ್ಡೆ, ಗೊಂಬೆ, ಗಂಟಲು, ಪೆಟ್ಟಿಗೆ, ಆಸ್ಪತ್ರೆ.

ಮಾತಾಡೋಣ

1. ನಿಮ್ಮ ಮನೆಯ ಯಾವ ಆಟಿಕೆಯಲ್ಲಿ ಸೆಲ್ ಇದೆ? ಅದರ ಮುಚ್ಚಳ ಗಟ್ಟಿಯಾಗಿದೆಯೇ?

2. ಮಗು ಸೆಲ್ ನುಂಗಿದರೆ ಏನು ಮಾಡಬೇಕು? ಏನು ಮಾಡಬಾರದು?

3. ನೀವು ಚಿಕ್ಕವರಿದ್ದಾಗ ಯಾವ ಆಟಿಕೆ ಇಷ್ಟ? ಎರಡು ಸಾಲು ಬರೆಯಿರಿ.