ಹಾರೂಗೇರಿಯಲ್ಲಿ ಹೊಸ ಒಲೆ ಹೂಡುವವರಿಗೆ

"ಅಕ್ಕೋರ, ಈ ಊರಾಗ ಸೋವಿಯೊಳಗ ಊಟಾ ಹೆಂಗ ನಡಸಬೇಕ್ರಿ?" ಇದು ಪ್ರತಿವರ್ಷ ಜೂನ್-ಜುಲೈ ಹೊತ್ತಿಗೆ ಯಾರಾದರೂ ನನ್ನನ್ನು ಕೇಳುವ ಪ್ರಶ್ನೆ. ಕೇಳುವವರು ವರ್ಗವಾಗಿ ಬಂದ ಕಿರಿಯ ಶಿಕ್ಷಕಿಯೋ, ಕಾಲೇಜಿಗೆಂದು ಖೋಲಿ ಹಿಡಿದ ಮೂವರು ಹುಡುಗರೋ, ಮದುವೆಯಾಗಿ ದಾವಣಗೆರೆಯ ಕಡೆಯಿಂದ ಬಂದ ಸೊಸೆಯೋ ಆಗಿರುತ್ತಾರೆ. ಪಾಠ ಹೇಳುವ ಚಟ ನಿವೃತ್ತಿಯ ನಂತರವೂ ಬಿಡುವುದಿಲ್ಲ. ಹಾಗಾಗಿ ಒಂದೇ ಸಲ ಬರೆದಿಡುತ್ತಿದ್ದೇನೆ.

ಮೊದಲು ಊರು ನೋಡಿಕೊಳ್ಳಿ. ಹಾರೂಗೇರಿ ಕ್ರಾಸಿನಿಂದ ಯಾವ ದಿಕ್ಕಿಗೆ ಹೋದರೂ ಕಬ್ಬು. ಸಾಲು ಬಿಟ್ಟರೆ ಅರಿಷಿಣ, ಗೋವಿನಜೋಳ. ಹೊಸಬರು ಈ ಹಸಿರು ಕಂಡು, ಇಲ್ಲಿ ತರಕಾರಿಗೇನು ಬರ ಎಂದುಕೊಳ್ಳುತ್ತಾರೆ. ಮೋಸಹೋಗಬೇಡಿ. ಈ ಹಸಿರು ಕಾರ್ಖಾನೆಗೆ ಹೋಗುವಂಥದು, ತಾಟಿಗೆ ಬರುವಂಥದಲ್ಲ. ಅರಿಷಿಣ ಸಾಂಗಲಿಯ ಪೇಟೆಗೆ ನಡೆಯುತ್ತದೆ. ನಾವು ತಿನ್ನುವ ಬಿಳಿಜೋಳ ಅಥಣಿಯ ಮೂಡಣ ಭಾಗ ಮತ್ತು ವಿಜಯಪುರದ ಕಡೆಯ ಎರಿ ಹೊಲದ್ದು. ಅಲ್ಲಿ ನೀರಾವರಿ ಕಡಿಮೆ, ಹಿಂಗಾರಿಯ ತೇವದಲ್ಲೇ ಜೋಳ ಬರುತ್ತದೆ. ನೀರು ಬಂದ ಊರಲ್ಲಿ ರೊಟ್ಟಿಯ ಕಾಳು ಕೊಂಡು ತಿನ್ನಬೇಕಾದ ಈ ವಿಚಿತ್ರವನ್ನು ನಮ್ಮ ಹಿರಿಯರು ಕಾಲುವೆ ಬಂದ ಮೇಲೆ ಕಂಡರು. ನಿಮಗೆ ಅದು ಮೊದಲ ದಿನದಿಂದಲೇ ಲೆಕ್ಕದಲ್ಲಿರಲಿ.

ಇನ್ನು ಕಿಸೆಯ ಲೆಕ್ಕ. ನಾನು ಹೇಳುವುದು ಒಂದೇ: ಪುಕ್ಕಟೆ ಸಿಗುವ ಅಕ್ಕಿಯಿಂದ ಹೊಟ್ಟೆ ತುಂಬಿಸಿ, ಉಳಿದ ದುಡ್ಡನ್ನು ಬೇಳೆ, ಕಾಳು, ಸೊಪ್ಪಿಗೇ ಹಾಕಿ. ಬಹಳ ಮನೆಗಳಲ್ಲಿ ಇದು ತಿರುಗಾಮುರುಗಾ ನಡೆಯುತ್ತದೆ. ರೇಷನ್ ಅಕ್ಕಿಯನ್ನು ಓಣಿಗೆ ಬರುವ ಕೊಳ್ಳುವವನಿಗೆ ಮೂರು ಕಾಸಿಗೆ ಮಾರಿ, ಅದರ ಮೇಲೆ ದುಡ್ಡು ಹಾಕಿ ತೆಳ್ಳನೆಯ ಅಕ್ಕಿ ತರುತ್ತಾರೆ. ಆಮೇಲೆ ಬೇಳೆಗೆ ದುಡ್ಡಿಲ್ಲ. ಹಾಗೆ ಮಾರುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಕಡೆ ಇರಲಿ, ಅದು ಅಡುಗೆಮನೆಯ ದಿವಾಳಿ.

ಕಾರ್ಡಿನ ವಿಷಯ ತಿಳಿಯದವರಿಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2013ರ ಜುಲೈ 10ರಂದು ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು. ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂತು. ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕಾರ್ಡಿನ ಮನೆಗೆ ಒಟ್ಟು 35 ಕಿಲೋ. 2023ರ ಜನವರಿಯಿಂದ ಇದಕ್ಕೆ ದುಡ್ಡಿಲ್ಲ. ರಾಜ್ಯ ಸೇರಿಸುವ ಪಾಲು ಮಾತ್ರ ರೂಪ ಬದಲಿಸುತ್ತ ಬಂದಿದೆ: 2023ರ ಜುಲೈಯಿಂದ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಆರಂಭದಲ್ಲಿ ಮತ್ತೆ ಅಕ್ಕಿಯೇ ಆಯಿತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕೆಲವು ಕಾಲ ಅಕ್ಕಿಯ ಜೊತೆ ಜೋಳ ಕೊಟ್ಟದ್ದೂ ಉಂಟು. ಆದ್ದರಿಂದ ಪಕ್ಕದ ಮನೆಯವರ ಮಾತು ನಂಬಿ ಕೂರಬೇಡಿ. ನ್ಯಾಯಬೆಲೆ ಅಂಗಡಿಯ ಹಲಗೆಯಲ್ಲಿ ಆ ತಿಂಗಳ ಪ್ರಮಾಣ ಓದಿ, ಬೆರಳಚ್ಚು ಒತ್ತುವ ಮೊದಲು ತೂಕದ ಮುಳ್ಳು ನೋಡಿ.

ಬೇರೆ ಜಿಲ್ಲೆಯ ಕಾರ್ಡಿದ್ದರೂ ಇಲ್ಲಿ ನಡೆಯುತ್ತದೆ. ಬೇರೆ ರಾಜ್ಯದ್ದಾದರೆ ಕೇಂದ್ರದ 5 ಕಿಲೋ ಪಾಲು ಸಿಗುತ್ತದೆ, ರಾಜ್ಯದ ಹೆಚ್ಚುವರಿ ಸಿಗುವುದಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬರುವ ಗ್ಯಾಂಗಿನವರಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಕಾರ್ಡು ಊರಲ್ಲಿ ಪೆಟ್ಟಿಗೆಯೊಳಗಿದೆ ಎನ್ನುತ್ತಾರೆ. ಕಾರ್ಡಿನ ನಂಬರು ಗೊತ್ತಿದ್ದು, ಆಧಾರ ಜೋಡಣೆಯಾಗಿದ್ದರೆ ಸಾಕು.

ಇನ್ನೊಂದು ಅಂಜಿಕೆ. ಅಕ್ಕಿ ತೊಳೆಯುವಾಗ ಕೆಲವು ಕಾಳು ಬೇರೆಯೇ ಬಣ್ಣದಲ್ಲಿ ಕಾಣುತ್ತವೆ, ಕೆಲವು ನೀರಿನ ಮೇಲೆ ತೇಲುತ್ತವೆ. "ಪ್ಲಾಸ್ಟಿಕ್ ಅಕ್ಕಿ ಬಂದೈತ್ರಿ" ಎಂದು ಮೊಬೈಲಿನಲ್ಲಿ ಓಣಿಯೆಲ್ಲ ಹಬ್ಬುತ್ತದೆ. ನನ್ನದೇ ಮನೆಯ ಕೆಲಸಕ್ಕೆ ಬರುವ ತಂಗಿ ಒಂದು ಪಾವು ಅಂಥ ಕಾಳು ಆರಿಸಿ ತಿಪ್ಪೆಗೆ ಹಾಕಿದ್ದಳು. ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿಯ ಹಿಟ್ಟಿಗೆ ಕಬ್ಬಿಣದಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನಾಕಾರಕ್ಕೆ ಒತ್ತಿ, ನೂರು ಕಿಲೋ ಅಕ್ಕಿಗೆ ಒಂದು ಕಿಲೋದಂತೆ ಸೇರಿಸಿರುತ್ತಾರೆ. ರಕ್ತಹೀನತೆಗೆಂದು ಮಾಡಿದ ಏರ್ಪಾಡು. ಆರಿಸಿ ಬಿಸಾಕಿದರೆ ಔಷಧವನ್ನೇ ಬಿಸಾಕಿದ ಹಾಗೆ. ಎರಡು ಸಲ ಹಗುರಾಗಿ ತೊಳೆಯಿರಿ, ಉಜ್ಜಬೇಡಿ, ಗಂಜಿ ಬಸಿಯದೆ ನೀರು ಇಂಗುವ ಹಾಗೆ ಅನ್ನ ಮಾಡಿ.

ಅಕ್ಕಿ ದಪ್ಪಗಿದೆ, ಅನ್ನ ಸೇರುವುದಿಲ್ಲ ಎನ್ನುವವರು ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ, ಚಿಟಿಕೆ ಮೆಂತೆ ನೆನೆಹಾಕಿ ರುಬ್ಬಿ ಹುದುಗಿಸಿ. ಪಡ್ಡಿಗೆ ದಪ್ಪಕ್ಕಿಯೇ ಲೇಸು.

ಈಗ ಪೇಟೆಗೆ ಹೋಗೋಣ. ಕೈಚೀಲ ಒಯ್ಯಿರಿ, ಇಳಿಹೊತ್ತಿನಲ್ಲಿ ಹೋಗಿ. ಬೆಳಗಿನ ಸೊಪ್ಪು ನೋಡಲು ಚೆಂದ, ಸಂಜೆಯದು ದರಕ್ಕೆ ಚೆಂದ. ಗೋಣಿತಾಟು ಹಾಸಿ ಕೂತ ಒಬ್ಬ ಆಯಿ ನನಗೆ ಇಪ್ಪತ್ತು ವರ್ಷದ ಪರಿಚಯ. ಪುಂಡಿ ಸೊಪ್ಪಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಅಂಚಿನಿಂದ ಒಂದೊಂದೇ ಸಿವುಡು ಎಳೆದು ಕೊಡುತ್ತಾಳೆ. ಹೊತ್ತು ಮುಳುಗುವಾಗ ಅವಳೇ ಕರೆಯುತ್ತಾಳೆ: "ಒಯ್ರಿ ಅಕ್ಕೋರ, ಇಲ್ಲಂದ್ರ ಇದನ್ನ ದನಾ ತಿಂತಾವ." ಆ ಹೊತ್ತಿನಲ್ಲಿ ಒಂದು ಸಿವುಡಿನ ದುಡ್ಡಿಗೆ ಎರಡು ಬರುತ್ತವೆ. ಚೌಕಾಸಿ ಮಾಡಬೇಡಿ, ಅವಳು ಚೌಕಾಸಿಯನ್ನು ತಾನೇ ಮುಗಿಸಿ ಹೇಳಿರುತ್ತಾಳೆ.

ಹೊಸಬರಿಗೆ ಹೆಸರುಗಳು ತೊಡಕು. ಇಲ್ಲಿ ಈರುಳ್ಳಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಳ್ಳೊಳ್ಳಿ, ಬದನೆ ಬದನಿಕಾಯಿ ಅಥವಾ ಮುಳಗಾಯಿ, ಕಡಲೆಕಾಯಿ ಶೇಂಗಾ. ತರಕಾರಿಯೆಲ್ಲ ಸೇರಿ ಕಾಯಿಪಲ್ಲೆ. ಸೊಪ್ಪಿನಲ್ಲಿ ಮೆಂತೆ, ಪಾಲಕ, ಸಬ್ಬಸಗಿ, ರಾಜಗಿರಿ ನಿಮಗೆ ಗೊತ್ತಿರುತ್ತವೆ. ಗೊತ್ತಿಲ್ಲದವು ಹಕ್ಕರಿಕಿ, ಹತ್ತರಕಿ, ಪುಂಡಿ. ಹಕ್ಕರಿಕಿಯನ್ನು ಒಲೆಗೇ ಹಚ್ಚಬೇಕಿಲ್ಲ. ತೊಳೆದು, ಶೇಂಗಾ ಹಿಂಡಿ, ಮೊಸರಿನೊಂದಿಗೆ ರೊಟ್ಟಿಗೆ ಹಸಿಯಾಗಿ ಕಚ್ಚಿ ತಿನ್ನುವುದು. ಹತ್ತರಕಿ ಸ್ವಲ್ಪ ಕಹಿ, ಎರಡನೆಯ ವಾರಕ್ಕೆ ರೂಢಿಯಾಗುತ್ತದೆ. ಒಂದು ಎಚ್ಚರಿಕೆ: ಇವು ಬದುವಿನ ಮೇಲೆ ತಾವೇ ಹುಟ್ಟುತ್ತವೆ ಎಂದು ಯಾರದೋ ಕಬ್ಬಿನ ಬದುವಿನಲ್ಲಿ ಕಿತ್ತು ತರಬೇಡಿ. ಕಬ್ಬಿಗೆ ಕಳೆನಾಶಕ ಹೊಡೆಯುತ್ತಾರೆ. ಹೊಲದವರನ್ನು ಕೇಳಿಯೇ ಕೈ ಹಾಕಿ.

ಎಲ್ಲಕ್ಕಿಂತ ಮೊದಲು ಪುಂಡಿಪಲ್ಲೆ ಕಲಿಯಿರಿ. ಇಡೀ ಲೇಖನದಲ್ಲಿ ಒಂದೇ ನೆನಪಿಡುವುದಾದರೆ ಇದನ್ನು. ಎರಡು ಸಿವುಡು ಪುಂಡಿಯ ಎಲೆ ಬಿಡಿಸಿ. ದಂಟು ಬೇಡ, ಅದು ನಾರು. ಪುಂಡಿಯ ನಾರಿನಿಂದ ಹಗ್ಗವನ್ನೇ ಹೊಸೆಯುತ್ತಿದ್ದರು. ಅರ್ಧ ಲೋಟ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ನಾಲ್ಕು ಹಸಿಮೆಣಸಿನಕಾಯಿ. ನುಚ್ಚು ಇಲ್ಲವೇ? ರೇಷನ್ ಅಕ್ಕಿಯನ್ನೇ ಮಿಕ್ಸಿಯಲ್ಲಿ ಎರಡು ಸುತ್ತು ತರಿತರಿಯಾಗಿ ತಿರುವಿ. ಬೇಳೆ, ನುಚ್ಚು ಅರೆಬೆಂದ ಮೇಲೆ ಎಲೆ ಹಾಕಿ, ಎಲ್ಲ ಮೆತ್ತಗಾಗಲಿ, ಕಡಗೋಲಿನಿಂದ ಮಸೆಯಿರಿ. ಹುಣಸೆಹಣ್ಣು ಬೇಡ, ಎಲೆಯೇ ಹುಳಿ. ಕೊನೆಗೆ ಎರಡು ಚಮಚ ಎಣ್ಣೆ, ಜಜ್ಜಿದ ಎಂಟು ಎಸಳು ಬಳ್ಳೊಳ್ಳಿಯ ಒಗ್ಗರಣೆ. ಬಳ್ಳೊಳ್ಳಿ ಕೆಂಪಾಗುವ ಹೊತ್ತಿಗೆ ಪಕ್ಕದ ಖೋಲಿಯವರು ಬಾಗಿಲು ತೆಗೆದು ನೋಡಿದರೆ ಸರಿಯಾಗಿದೆ ಎಂದರ್ಥ. ಇದು ಎರಡು ದಿನ ಕೆಡುವುದಿಲ್ಲ, ಮರುದಿನ ರುಚಿ ಹೆಚ್ಚು. ಧಾನ್ಯ, ಬೇಳೆ, ಸೊಪ್ಪು ಮೂರೂ ಒಂದೇ ಗಡಿಗೆಯಲ್ಲಿ ಕೂಡಿದವು. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಆಹಾರಶಾಸ್ತ್ರ ಓದದ ಅಜ್ಜಿಯರು ಈ ಜೋಡಿಯನ್ನು ಹೇಗೆ ಹಿಡಿದರೋ! ಊಟವಾದ ಕೂಡಲೇ ಚಹಾ ಮಾತ್ರ ಕುಡಿಯಬೇಡಿ. ಸೊಪ್ಪಿನ ಕಬ್ಬಿಣದಂಶವನ್ನು ಅದು ಮೈಗೆ ಹತ್ತಗೊಡುವುದಿಲ್ಲ. ಈ ಮಾತು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ, ಆದರೂ ಹೇಳಿದ್ದೇನೆ.

ಸೊಪ್ಪು ದುಬಾರಿಯಾಗುವ ಬೇಸಿಗೆಗೆ ಮಡಿಕೆಕಾಳು, ಹೆಸರುಕಾಳು ಇಟ್ಟುಕೊಳ್ಳಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಮರುದಿನ ಮೊಳಕೆ. ಬೇಳೆ ಬೇಯಿಸಿ ಹೋಳಿಗೆ ಮಾಡಿದ ದಿನ ಬಸಿದ ಕಟ್ಟನ್ನು ಚೆಲ್ಲಿದರೆ ನಿಮ್ಮ ಅತ್ತೆ ಬಿಡಲಿಕ್ಕಿಲ್ಲ. ಅದು ಕಟ್ಟಿನ ಸಾರು.

ರೊಟ್ಟಿಯ ವಿಷಯಕ್ಕೆ ಬರುತ್ತೇನೆ. ನಾನೂ ಹುಟ್ಟಿನಿಂದ ಕಲಿತವಳಲ್ಲ. ಮೊದಲ ತಿಂಗಳು ನನ್ನ ರೊಟ್ಟಿ ಹಂಚಿಗೆ ಹೋಗುವ ಮೊದಲೇ ನಕಾಶೆಯಂತೆ ಸೀಳುತ್ತಿತ್ತು. ತಪ್ಪು ಕೈಯದಲ್ಲ, ಹಿಟ್ಟಿನದು. ಒಂದು ತಿಂಗಳಿಗಾಗುವಷ್ಟು ಒಮ್ಮೆಲೇ ಗಿರಣಿ ಹಾಕಿಸಿಟ್ಟಿದ್ದೆ. ಗೋದಿಗಿರುವ ಅಂಟು ಜೋಳಕ್ಕಿಲ್ಲ. ಹಳೆಯ ಹಿಟ್ಟಿಗೆ ಇರುವಷ್ಟು ಜಿಗುಟೂ ಹೋಗಿರುತ್ತದೆ. ಎಂಟು-ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಒಂದು ಲೋಟ ನೀರನ್ನು ಕುದಿಸಿ, ಅದೇ ಎಸರು, ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದು, ಹುಟ್ಟಿನಿಂದ ಕಲಸಿ, ಕೈ ತಾಳುವಷ್ಟು ಬಿಸಿಯಿರುವಾಗಲೇ ಅಂಗೈಯ ಬುಡದಿಂದ ನಾದಿ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅಂಟಾಗುತ್ತದೆ, ಅದೇ ರೊಟ್ಟಿಯನ್ನು ಹಿಡಿದಿಡುವುದು. ಬಡಿಯುವಾಗ ಅಂಚಿಗೆ ಬೆರಳು, ನಡುವಿಗೆ ಅಂಗೈ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆ ಆಡಿಸಿ, ನೀರು ಆರಿದಾಗ ಮಗುಚಿ. ಮೊದಲ ವಾರ ದೇಶದ ನಕಾಶೆ ಬರಲಿ, ಬಿಡಿ. ನಾಲ್ಕನೆಯ ವಾರ ಉಬ್ಬುತ್ತದೆ.

ದುಡ್ಡು ಮುಗಿದು ತಿಂಗಳು ಮುಗಿಯದ ದಿನಗಳೂ ಬರುತ್ತವೆ. ಅಮೆರಿಕದಲ್ಲಿ 1967ರಲ್ಲಿ ಫೀನಿಕ್ಸ್ ನಗರದ ಜಾನ್ ವ್ಯಾನ್ ಹೆಂಗೆಲ್ ಎಂಬವರು ಅಂಗಡಿಗಳು ಎಸೆಯುವ ಒಳ್ಳೆಯ ಆಹಾರವನ್ನು ಕೂಡಿಸಿ ಹಂಚಲು ಒಂದು ಅನ್ನದ ಬ್ಯಾಂಕು ತೆರೆದರು. ಅಲ್ಲಿಂದ ಆ ಹೆಸರು ಜಗತ್ತಿಗೆ ಹಬ್ಬಿತು. ಹಾರೂಗೇರಿಯಲ್ಲಿ ಆ ಹೆಸರಿನ ಬೋರ್ಡು ಹುಡುಕಬೇಡಿ. ಇಲ್ಲಿ ಆ ಕೆಲಸಕ್ಕೆ ಬೇರೆ ಹೆಸರುಗಳಿವೆ. ಮುಗಳಖೋಡದ ಮಠಕ್ಕೆ, ಅಥಣಿಯ ಗಚ್ಚಿನಮಠಕ್ಕೆ ಹೋದವರು ಪ್ರಸಾದ ಉಂಡು ಬರುತ್ತಾರೆ. ಉಂಡವರನ್ನು ಯಾರೂ ಕಾರ್ಡು ಕೇಳುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರಿಗೆ ದಾಸೋಹವೆಂದರೆ ದಾನವಲ್ಲ, ಕೊಡುವವನು ತಾನೇ ದಾಸನಾಗುವುದು. ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟದ್ದು ಅದೇ ಮಾತಿನಿಂದ. ಗರ್ಭಿಣಿ, ಬಾಣಂತಿಯರಿಗೆ 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣದ ಮಧ್ಯಾಹ್ನದ ಊಟವಿದೆ. ನಾಚಿ ಮನೆಯಲ್ಲೇ ಉಳಿಯುವ ಹೊಸ ಸೊಸೆಯರನ್ನು ನಾನೇ ಕೈಹಿಡಿದು ಕರೆದೊಯ್ದಿದ್ದೇನೆ.

2019ರ ಆಗಸ್ಟ್ ಹೇಳದಿದ್ದರೆ ಪಾಠ ಅರ್ಧ. ಕೃಷ್ಣೆ ಉಕ್ಕಿ ಕುಡಚಿಯ ಸೇತುವೆ ಮುಳುಗಿತು. ರಾಯಬಾಗ, ಅಥಣಿ, ಚಿಕ್ಕೋಡಿ ತಾಲೂಕುಗಳ ಹೊಳೆಸಾಲಿನ ಹಳ್ಳಿಗಳು ದನಕರು ಹೊಡೆದುಕೊಂಡು ಶಾಲೆ, ಕಲ್ಯಾಣಮಂಟಪಗಳಿಗೆ ಬಂದವು. ಗಂಜಿಕೇಂದ್ರ ತೆರೆದರು. ಅದಾಗಿ ಕೆಲ ದಿನಕ್ಕೆ ನೀರು ಬರದ ಜಿಲ್ಲೆಗಳಿಂದ ಟೆಂಪೊಗಳು ಬಂದವು, ಚೀಲಗಟ್ಟಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತು. ಒಂದೊಂದು ಓಣಿಯ ಹೆಂಗಸರು ಮನೆಗೆ ಇಷ್ಟು ಎಂದು ಪಾಲು ಹಾಕಿಕೊಂಡು ಬಡಿದ ರೊಟ್ಟಿ ಅವು. ದಪ್ಪ, ತೆಳು, ಸಣ್ಣ, ದೊಡ್ಡ ಎಲ್ಲ ಒಂದೇ ಚೀಲದಲ್ಲಿ. ನಾನು ಹಂಚಲು ನಿಂತಿದ್ದೆ. ಹೊಳೆದಂಡೆಯ ಒಬ್ಬ ಮುದುಕಿ ರೊಟ್ಟಿಯನ್ನು ಮುರಿಯದೆ ಬೆಳಕಿಗೆ ಹಿಡಿದು ನೋಡಿ, "ಯಾವ ಊರ ಕೈ ಇದು, ಭಾಳ ತೆಳ್ಳಗ ಬಡದಾರ" ಎಂದಳು.

ಅನ್ನ ಕಳಿಸಿದ್ದರೆ ದಾರಿಯಲ್ಲೇ ಹಳಸುತ್ತಿತ್ತು. ಕಡಕ್ ರೊಟ್ಟಿಗೆ ಒಲೆ ಬೇಡ, ನೀರು ಬೇಡ, ತಿಂಗಳು ಕೆಡುವುದಿಲ್ಲ. ಒಂಟಿಯಾಗಿರುವ ನಿಮಗೂ ಅದೇ ಸರಿಹೋಗುತ್ತದೆ. ಭಾನುವಾರ ಹತ್ತು ರೊಟ್ಟಿ ಆದಷ್ಟು ತೆಳ್ಳಗೆ ಬಡಿದು, ಸುಟ್ಟ ಮೇಲೆ ಸಣ್ಣ ಉರಿಯಲ್ಲಿ ಅಂಚುಗಳನ್ನು ಬಟ್ಟೆಯಿಂದ ಒತ್ತುತ್ತ ಮತ್ತೊಮ್ಮೆ ಒಣಗಿಸಿ. ಪೂರ್ತಿ ಆರಿದ ಮೇಲೆಯೇ ಬುಟ್ಟಿಯಲ್ಲಿ ನಿಲ್ಲಿಸಿ ಇಡಿ. ಬಿಸಿಯಿರುವಾಗ ಮುಚ್ಚಿದರೆ ಬೆವೆತು ಮೆತ್ತಗಾಗುತ್ತವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಸಿಲು ಕಂಡ ಕೂಡಲೇ ಹೊರಗಿಟ್ಟು ತೆಗೆಯಿರಿ. ಬುಟ್ಟಿಯ ಮೇಲೆ ಬಿಳಿ ಬಟ್ಟೆ ಸಾಕು, ಪ್ಲಾಸ್ಟಿಕ್ ಚೀಲ ಬೇಡ.