ಆವರಣದ ರಸ್ತೆ ಯಾರಿಗಾಗಿ?

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವು ಸಾವಿರಕ್ಕೂ ಹೆಚ್ಚು ಎಕರೆಗಳಲ್ಲಿ ಹರಡಿಕೊಂಡಿರುವುದರಿಂದ ಅಲ್ಲಿನ ತೊಡಕು ಜಾಗದ ಕೊರತೆಯದಲ್ಲ. ಮೈಸೂರು ರಸ್ತೆ ಮತ್ತು ನಾಗರಬಾವಿಯ ನಡುವೆ ಓಡಾಡುವ ಹೊರಗಿನ ವಾಹನಗಳು ಕೂಡ ವಿದ್ಯಾರ್ಥಿಗಳು ನಡೆದಾಡುವ ರಸ್ತೆಗಳನ್ನೇ ಬಳಸುತ್ತವೆ ಎಂಬುದೇ ಮೂಲ ಸಮಸ್ಯೆ. 2022ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿನಿಯೊಬ್ಬರು ಬಸ್ಸಿನಡಿ ಸಿಲುಕಿದ ಬಳಿಕ, ಹೊರಗಿನ ಸಂಚಾರವನ್ನು ನಿಲ್ಲಿಸಬೇಕೆಂದು ವಿದ್ಯಾರ್ಥಿಗಳು ಪ್ರತಿಭಟನೆಗಿಳಿದರು.

ಇಂತಹ ಸಂದರ್ಭಗಳಲ್ಲಿ ‘ನಿಧಾನವಾಗಿ ಚಲಿಸಿ’ ಎಂಬ ಫಲಕ ನೆಟ್ಟು ಕೈತೊಳೆದುಕೊಳ್ಳುವುದು ರೂಢಿ. ಡಿಕ್ಕಿಯ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಗಂಟೆಗೆ 40 ಕಿ.ಮೀ. ವೇಗವನ್ನು 20ಕ್ಕೆ ಇಳಿಸಿದರೆ ಆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಚಾಲಕರು ಫಲಕಕ್ಕಿಂತ ರಸ್ತೆಯ ಆಕಾರಕ್ಕೇ ಹೆಚ್ಚು ಮಣಿಯುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಮಂದ ಉಬ್ಬು. ನಮ್ಮ ರಸ್ತೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಸೊಂಟ ಮುರಿಯುವ ಡಾಂಬರಿನ ದಿಣ್ಣೆ. ಹಂಪಿಗಿಂತ ಮೇಲಾದದ್ದು ಎತ್ತರಿಸಿದ ದಾಟುಪಟ್ಟಿ, ಅಂದರೆ ಜೀಬ್ರಾ ಪಟ್ಟಿಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಏರಿಸಿ ಕಟ್ಟುವ ವಿಧಾನ. ಇದರಿಂದ ವಾಹನ ನಿಧಾನಿಸುತ್ತದೆ, ಗಾಲಿಕುರ್ಚಿಯವರು ಇಳಿದು ಹತ್ತುವುದೂ ತಪ್ಪುತ್ತದೆ.

ಫುಟ್‌ಪಾತಿಗೆ ಅಡಚಣೆಯಿಲ್ಲದ 1.8 ಮೀಟರ್ ಅಗಲವಿರಬೇಕು, ಅದರ ಎತ್ತರ 15 ಸೆಂ.ಮೀ. ಮೀರಬಾರದು ಎಂಬ ನಿಯಮ ನಕ್ಷೆಯಲ್ಲಿ ಸಾಮಾನ್ಯವಾಗಿ ಪಾಲನೆಯಾಗುತ್ತದೆ. ಎಡವಟ್ಟಾಗುವುದು ಕೂಡುವ ಜಾಗಗಳಲ್ಲಿ. ವಿಭಾಗದ ಗೇಟು ಬಂದಲ್ಲೆಲ್ಲ ಫುಟ್‌ಪಾತ್ ತುಂಡಾಗುತ್ತದೆ. 15 ಸೆಂ.ಮೀ. ಏರಲು 1:12ರ ಇಳಿಜಾರಿನಂತೆ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕಿರುವಲ್ಲಿ ಅರ್ಧ ಮೀಟರಿನ ಸಿಮೆಂಟ್ ತೇಪೆ ಹಾಕಿರುತ್ತಾರೆ. ಬೈಕ್ ಹತ್ತಿಸುವವರಿಗಷ್ಟೇ ಅದು ಅನುಕೂಲ. ದೃಷ್ಟಿಹೀನರಿಗೆಂದು ಹಾಸುವ ಸ್ಪರ್ಶ ಟೈಲ್ಸ್‌ಗಳಲ್ಲಿ ಉದ್ದಗೆರೆಗಳು ‘ಮುಂದೆ ಸಾಗಿ’ ಎಂದೂ, ಗುಂಡುಬೊಬ್ಬೆಗಳು ‘ನಿಲ್ಲಿ, ಎಚ್ಚರ’ ಎಂದೂ ಸೂಚಿಸುತ್ತವೆ. ಈ ಭೇದ ತಿಳಿಯದೆ ಹಾಸಿದ ಸಾಲು ನೇರವಾಗಿ ವಿದ್ಯುತ್ ಕಂಬಕ್ಕೆ ಮುಟ್ಟಿಸುವುದುಂಟು. ಗುತ್ತಿಗೆದಾರರ ಬಿಲ್ಲು ಪಾಸಾಗುವ ಮುನ್ನ ಬಿಳಿಕೋಲು ಹಿಡಿದ ವಿದ್ಯಾರ್ಥಿ ಆ ದಾರಿಯಲ್ಲೊಮ್ಮೆ ನಡೆದು ನೋಡುವುದನ್ನು ಕಡ್ಡಾಯಗೊಳಿಸಿದರೆ, ಇಂತಹ ದೋಷಗಳಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕಿಬೀಳುತ್ತವೆ.

ಇದು ಆಡಳಿತದ ಔದಾರ್ಯಕ್ಕೆ ಬಿಟ್ಟ ವಿಷಯವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸಾರ್ವಜನಿಕ ಕಟ್ಟಡಗಳನ್ನು ಎಲ್ಲರ ಬಳಕೆಗೆ ಒಗ್ಗಿಸಲು ಕೊಟ್ಟಿದ್ದ ಐದು ವರ್ಷಗಳ ಗಡುವು, 2017ರ ನಿಯಮಗಳಿಂದ ಲೆಕ್ಕ ಹಾಕಿದರೂ, 2022ರಲ್ಲೇ ಮುಗಿದಿದೆ.